ಕರಗುವ ಹೊಲಿಗೆ ನೂಲು: ಭಯ ಬೇಡ, ಎಚ್ಚರವಿರಲಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಚಿಕಿತ್ಸೆಗೆ ಬರುವ ಬಾಣಂತಿಯರೂ ಶಸ್ತ್ರಚಿಕಿತ್ಸೆಗೆ ಒಳಗಾದವರೂ ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು: “ಹೊಲಿಗೆ ಬಿಚ್ಚಲೇ ಇಲ್ಲ. ನೂಲು ಒಳಗೇ ಉಳಿದರೆ ತೊಂದರೆಯಾಗುವುದಿಲ್ಲವೇ ಡಾಕ್ಟ್ರೇ?” ಸದ್ಭಕ್ತರ ಈ ಶಂಕೆಯನ್ನು ಪರಿಹರಿಸುವುದೇ ಈ ಲೇಖನದ ಉದ್ದೇಶ.

ಗಾಯವನ್ನು ಹೊಲಿಯುವ ವಿದ್ಯೆ ನಮಗೆ ಹೊಸದಲ್ಲ. ಸೆಣಬು, ಅಗಸೆನಾರು, ಸ್ನಾಯು, ಕೂದಲು, ಅಮೃತಬಳ್ಳಿಯ ನಾರು ಮೊದಲಾದವುಗಳನ್ನು ಸುಶ್ರುತ ಸಂಹಿತೆಯು ಸೀವನಕರ್ಮಕ್ಕೆ ವಿಧಿಸಿದೆ. ಮುಂದೆ ಕುರಿಯ ಕರುಳಿನಿಂದ ತಯಾರಿಸಿದ ನೂಲು ಬಹುಕಾಲ ಬಳಕೆಯಲ್ಲಿತ್ತು. 1970ರ ದಶಕದಿಂದ ಆ ಸ್ಥಾನವನ್ನು ದೇಹದಲ್ಲಿ ಕರಗುವ ಪಾಲಿಯೆಸ್ಟರ್ ನೂಲು ಬಹುಮಟ್ಟಿಗೆ ಪಡೆದುಕೊಂಡಿತು.

ಪಾಲಿಯೆಸ್ಟರ್ ಎಂದೊಡನೆ ಸೀರೆ, ಅಂಗಿಗಳು ನೆನಪಾಗುವುದು ಸಹಜ. ಬಟ್ಟೆಯ ಪಾಲಿಯೆಸ್ಟರ್ ದೇಹದಲ್ಲಿ ಕರಗದು. ಇದರ ಜಾತಿಯೇ ಬೇರೆ. ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕಾಲಿಕ್ ಆಮ್ಲ ಇದರ ಮುಖ್ಯ ಘಟಕಗಳು. ಮೊಸರಿನ ಹುಳಿಗೆ ಕಾರಣವಾದುದು ಲ್ಯಾಕ್ಟಿಕ್ ಆಮ್ಲವೇ. ದುಡಿದಾಗ ನಮ್ಮ ಮಾಂಸಖಂಡಗಳಲ್ಲಿಯೂ ಅದು ಉತ್ಪತ್ತಿಯಾಗುತ್ತದೆ. ನಮ್ಮ ನಾಲೆ ಬಯಲಿನ ಕಬ್ಬಿನ ಸಕ್ಕರೆಯನ್ನು ಹುದುಗಿಸಿಯೂ ಅದನ್ನು ಪಡೆಯಬಹುದು. ಗ್ಲೈಕಾಲಿಕ್ ಆಮ್ಲವು ಕಬ್ಬಿನ ರಸದಲ್ಲಿ ಅಲ್ಪ ಪ್ರಮಾಣದಲ್ಲಿದೆ. ಈ ಅಣುಗಳನ್ನು ಸರಪಳಿಯಂತೆ ಪೋಣಿಸಿದಾಗ ಗಟ್ಟಿಯಾದ ಎಳೆ ಸಿದ್ಧವಾಗುತ್ತದೆ. ದೇಹದಲ್ಲಿನ ನೀರು ಆ ಸರಪಳಿಯ ಕೊಂಡಿಗಳನ್ನು ಕ್ರಮೇಣ ಬಿಡಿಸುತ್ತದೆ. ಬಿಡಿಯಾದ ಅಂಶಗಳು ಉಸಿರು, ಮೂತ್ರಗಳ ಮೂಲಕ ಹೊರಹೋಗುತ್ತವೆ.

ಹೆಚ್ಚಾಗಿ ಬಳಸುವ ಪಾಲಿಗ್ಲಾಕ್ಟಿನ್ ನೂಲು 3–4 ವಾರ ಗಾಯವನ್ನು ಹಿಡಿದಿಟ್ಟು, ಸುಮಾರು 56ರಿಂದ 70 ದಿನಗಳಲ್ಲಿ ಕರಗಿಹೋಗುತ್ತದೆ. ಪಾಲಿಡಯಾಕ್ಸನೋನ್ ನೂಲಿಗೆ ಸುಮಾರು 6 ತಿಂಗಳು ಬೇಕು. ಇದೇ ವರ್ಗದ ವಸ್ತುವಿನಿಂದ ಮಾಡಿದ ಮೂಳೆಯ ಸ್ಕ್ರೂಗಳು ಕರಗಲು ವರ್ಷಗಳೇ ಹಿಡಿಯುತ್ತವೆ. ಆದರೆ ಅವನ್ನು ತೆಗೆಯಲು ಸಾಮಾನ್ಯವಾಗಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ತಿಂಗಳುಗಟ್ಟಲೆ ನಿಧಾನವಾಗಿ ಔಷಧ ಬಿಡುಗಡೆ ಮಾಡುವ ಕೆಲವು ಚುಚ್ಚುಮದ್ದುಗಳಲ್ಲಿಯೂ ಇದರ ಸೂಕ್ಷ್ಮ ಕಣಗಳಿರುತ್ತವೆ.

ಆದರೆ ಎಲ್ಲ ಹೊಲಿಗೆಯೂ ಕರಗುವುದಿಲ್ಲವೆಂಬುದನ್ನು ಮರೆಯಬಾರದು. ಚರ್ಮದ ಮೇಲೆ ಹಾಕಿದ ನೈಲಾನ್ ಅಥವಾ ರೇಷ್ಮೆ ಹೊಲಿಗೆಯನ್ನು ವೈದ್ಯರು ಹೇಳಿದ ದಿನ ತೆಗೆಸಲೇಬೇಕು. ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ಮೊದಲು “ಇದು ಕರಗುವ ನೂಲೇ, ತೆಗೆಸಬೇಕಾದುದೇ?” ಎಂದು ಕೇಳಿ ತಿಳಿಯಿರಿ. ನೂಲಿನ ತುದಿ ಹೊರಗೆ ಕಂಡರೆ ಎಳೆಯಬೇಡಿ. ಅರಿಶಿನ ವ್ರಣರೋಪಕವೆಂಬುದು ನಿಜ; ಆದರೂ ಅಡುಗೆಮನೆಯ ಅರಿಶಿನಪುಡಿಯನ್ನಾಗಲಿ ಬೂದಿಯನ್ನಾಗಲಿ ಹಸಿಗಾಯಕ್ಕೆ ಹಚ್ಚಬೇಡಿ; ಅವು ಕ್ರಿಮಿರಹಿತವಲ್ಲ. ಮಧುಮೇಹಿಗಳಲ್ಲಿ ಗಾಯ ನಿಧಾನವಾಗಿ ಮಾಯುವುದರಿಂದ ಅವರು ಇನ್ನಷ್ಟು ಜಾಗರೂಕರಾಗಿರಬೇಕು.

ಜ್ವರ, ಕೀವು, ಹೆಚ್ಚುತ್ತಿರುವ ನೋವು ಅಥವಾ ಕೆಂಪು, ಹೊಲಿಗೆ ಬಿಟ್ಟುಕೊಳ್ಳುವುದು — ಇವುಗಳಲ್ಲಿ ಯಾವುದೊಂದು ಕಂಡರೂ “ನೂಲು ಕರಗುತ್ತಿರಬಹುದು” ಎಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳತಕ್ಕದ್ದು.