ಬಿಚ್ಚಿದರೂ ಬಿಚ್ಚದ ಗಂಟು

ಉದ್ಯೋಗನಿಮಿತ್ತ ತಮಿಳುನಾಡಿನ ಕುನ್ನತ್ತೂರಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಯ ಸ್ಮರಣ ಸಂಚಿಕೆಗೆಂದು ಒಂದು ಕಂಪ್ಯೂಟರ್ ಕಡತ ಕಳುಹಿಸಿದರು. ಊರಿನ ಯಕ್ಷಗಾನ ಬಯಲಾಟಗಳ ಬಗ್ಗೆ ಅವರ ತಂದೆಯವರು ಬರೆಸಿಟ್ಟಿದ್ದ ನೆನಪುಗಳು ಅದರಲ್ಲಿದ್ದವು. ತಂದೆಯವರು ಈಗಿಲ್ಲ. ಕೈಬರಹದ ಪ್ರತಿಯೂ ಉಳಿದಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ತೆರೆಯಲು ಹೋದರೆ ಕಡತ ತೆರೆಯಲೇ ಇಲ್ಲ.

ಕಾರಣ ಹೀಗಿದೆ. ಹಲವು ಕಡತಗಳನ್ನು ಒತ್ತಿ ಒಂದೇ ಗಂಟು ಕಟ್ಟುವ ಪದ್ಧತಿಗಳು ಅನೇಕ. 1989ರಲ್ಲಿ ಅಮೆರಿಕದ ಫಿಲ್ ಕಾಟ್ಜ್ 'ಜಿಪ್' ಪದ್ಧತಿಯನ್ನು ಹೊರತಂದು ಅದರ ವಿವರಗಳನ್ನು ಎಲ್ಲರಿಗೂ ತೆರೆದಿಟ್ಟರು. ಆದ್ದರಿಂದಲೇ ಅದನ್ನು ಇಂದು ಬಹುತೇಕ ಎಲ್ಲ ಯಂತ್ರಗಳೂ ಬಿಚ್ಚುತ್ತವೆ. 1993ರಲ್ಲಿ ರಷ್ಯದ ಯೂಜೀನ್ ರೋಶಾಲ್ ರೂಪಿಸಿದ 'ರಾರ್' ಹಾಗಲ್ಲ. ಅದನ್ನು ಕಟ್ಟುವ ಹಕ್ಕು ಒಡೆಯರದು. ವಿಂಡೋಸ್ ಕೂಡ ಅದನ್ನು ತಾನಾಗಿ ಬಿಚ್ಚಲು ಕಲಿತದ್ದು 2023ರಲ್ಲಿ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಲಿನಕ್ಸ್ ವ್ಯವಸ್ಥೆ ಇರುವುದು ಓದುಗರು ಬಲ್ಲ ಸಂಗತಿ. ನಮ್ಮ ಯಂತ್ರದಲ್ಲಿ ರಾರ್ ಬಿಚ್ಚುವ ಸಲಕರಣೆ ಇರಲಿಲ್ಲ. 1999ರಿಂದ ಉಚಿತವಾಗಿ ದೊರೆಯುತ್ತಿರುವ '7-ಜಿಪ್' ಇದ್ದ ಮನೆಯ ಕಂಪ್ಯೂಟರಿನಲ್ಲಿ ಗಂಟು ಬಿಚ್ಚಿತು.

ಆದರೆ ಒಳಗೆ ಕನ್ನಡವೇ ಇಲ್ಲ! ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು.

ಇದು ಕನ್ನಡಿಗರಿಗೆ ಅಂಟಿದ ಎರಡನೆಯ ಗಂಟು. ಹಿಂದೆ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಆ ವಿನ್ಯಾಸವಿಲ್ಲದ ಕಂಪ್ಯೂಟರಿಗೆ ಅದು ಇಂಗ್ಲಿಷಿನಂತೆಯೇ ಕಾಣುತ್ತದೆ. 1991ರ ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸ್ಥಾನ ದೊರೆತಿತ್ತು. ಆದರೂ ನಮ್ಮ ಡಿ.ಟಿ.ಪಿ. ಅಂಗಡಿಗಳಲ್ಲಿ ಹಳೆಯ ರೂಢಿಯೇ ಬಹುಕಾಲ ನಡೆಯಿತು.

ಕಡತ ನುಡಿಯಲ್ಲಿದೆಯೆಂದು ಗುರುತಿಸಿ ಪರಿವರ್ತಕದಲ್ಲಿ ಹಾಕಿದೆವು. ಕನ್ನಡ ಮೂಡಿತು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಟ್ಟಿದ್ದವು. ಕೆಲವು ಸಂಜೆ ಕುಳಿತು ಕೈಯಾರೆ ತಿದ್ದಿದೆವು. ಓದಿ ಹೇಳಿದಾಗ ಫೋನಿನ ಆ ಕಡೆಯಿಂದ, "ಅಪ್ಪನ ಮಾತು ಹೀಗೇ ಇತ್ತು ಮಾಷ್ಟ್ರೇ" ಎಂದರು. ನಮ್ಮ ಶ್ರಮ ಸಾರ್ಥಕವಾಯಿತು.

ಗಡಿನಾಡಿನಲ್ಲಿ ಇಂಥ ಕಡತಗಳು ಎಷ್ಟು ಮನೆಗಳ ಸಿ.ಡಿ.ಗಳಲ್ಲಿ, ಎಷ್ಟು ಸಂಘಗಳ ಕಪಾಟುಗಳಲ್ಲಿ ಉಳಿದಿವೆಯೋ! ಅವುಗಳನ್ನು ಟೈಪು ಮಾಡಿದವರು ಇರುವಾಗಲೇ ಯಾವ ವಿನ್ಯಾಸವೆಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಯೂನಿಕೋಡಿಗೆ ತಿರುಗಿಸಬೇಕು. ಕಳುಹಿಸುವಾಗ ಜಿಪ್ ಗಂಟು ಸಾಕು. ಜೊತೆಗೊಂದು ಪಿ.ಡಿ.ಎಫ್. ಮತ್ತು ಕಾಗದದ ಪ್ರತಿ ಇದ್ದರೆ ಇನ್ನೂ ಲೇಸು. ಶಾಲೆ, ಕಚೇರಿಗಳಲ್ಲಿ ಕನ್ನಡದ ಹಕ್ಕು ಕೇಳುವ ನಾವು, ನಮ್ಮ ಮನೆಯ ಕನ್ನಡವನ್ನು ನಾವೇ ಓದಲಾರದ ಸ್ಥಿತಿ ತಂದುಕೊಳ್ಳಬಾರದು.