ಎರಡು ತೂತಿನ ಹೊನ್ನು

ಹಗಲಿರುಳೆನ್ನದೆ ಉಕ್ಕಿನ ಸರಳುಗಳನ್ನೂ ತಗಡಿನ ಸುರುಳಿಗಳನ್ನೂ ಲಾರಿಗಳಿಗೆ ಹೇರಿ ಇಳಿಸುವ, ಮುಂಬಯಿಗೆ ಸಮೀಪದ ಕಳಂಬೋಲಿಯಲ್ಲಿ, ಲೋಹವೆಂದರೆ ಟನ್ನುಗಳಲ್ಲಿ ತೂಗತಕ್ಕ ಸರಕೆಂದೇ ಭಾವಿಸಿರುವ ಜನರ ನಡುವೆ, ನಾಲ್ಕೂವರೆ ಗ್ರಾಮು ತೂಕದ ಬೈಜಾಂಟೈನ್ ಹೊನ್ನಿನ ವಿಚಾರವನ್ನೆತ್ತುವುದು ಅಪ್ರಸ್ತುತವೆಂದು ತೋರಬಹುದು. ಆದರೆ ಇಲ್ಲಿಂದ ಉತ್ತರಕ್ಕೆ ಅನತಿ ದೂರದಲ್ಲಿರುವ ಕಲ್ಯಾಣವು ಗ್ರೀಕ್ ನಾವಿಕರಿಗೆ ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೇ ಪರಿಚಿತವಾಗಿದ್ದ ಬಂದರು. ಆರನೆಯ ಶತಮಾನದ ನಡುವಿನಲ್ಲಿ ಗ್ರಂಥ ಬರೆದ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಸ್, ತಾಮ್ರ, ಮರದ ದಿಮ್ಮಿ ಮತ್ತು ವಸ್ತ್ರಗಳನ್ನು ಹೊರಕ್ಕೆ ಕಳುಹಿಸುತ್ತಿದ್ದ 'ಕಲ್ಲಿಯಾನ'ವನ್ನು ಭಾರತದ ಹಿರಿಯ ವ್ಯಾಪಾರಸ್ಥಳಗಳಲ್ಲಿ ಎಣಿಸುತ್ತಾನೆ. ಈ ಕಲ್ಲಿಯಾನವನ್ನು ಉಡುಪಿಯ ಸಮೀಪದ ಕಲ್ಯಾಣಪುರಕ್ಕೆ ಸಲ್ಲಿಸುವ ವಿದ್ವಾಂಸರೂ ಉಂಟು, ಠಾಣೆಯ ಕಲ್ಯಾಣವೇ ಅದೆಂದು ಸಾಧಿಸುವವರೂ ಉಂಟು. ಉಡುಪಿಯ ಕಡೆಯಿಂದ ಬಂದು ಈ ಭಾಗದಲ್ಲಿ ನೆಲೆನಿಂತ ನಮ್ಮ ಕುಟುಂಬಗಳಿಗಾದರೋ ಈ ವ್ಯಾಜ್ಯದಲ್ಲಿ ಸೋಲೆಂಬುದೇ ಇಲ್ಲ.

ಭೂಮಿಯು ಚಪ್ಪಟೆಯೆಂದೂ ವಿಶ್ವವು ಪೆಟ್ಟಿಗೆಯ ಆಕಾರದ್ದೆಂದೂ ದೃಢವಾಗಿ ನಂಬಿದ್ದ ಕಾಸ್ಮಸನನ್ನು ಭೂಗೋಳದಲ್ಲಿ ನಂಬುವಂತಿಲ್ಲ. ವ್ಯಾಪಾರದ ಮಾತಿನಲ್ಲಿ ಅವನನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಸೋಪಾತ್ರನೆಂಬ ರೋಮನ್ ವರ್ತಕನೂ ಒಬ್ಬ ಪಾರಸಿಕನೂ ಸಿಂಹಳದ ದೊರೆಯ ಎದುರಿನಲ್ಲಿ ತಮ್ಮ ತಮ್ಮ ಅರಸರ ಹಿರಿಮೆಯನ್ನು ಕುರಿತು ವಾದಕ್ಕಿಳಿದಾಗ, ಇಬ್ಬರು ಅರಸರೂ ಇಲ್ಲಿಯೇ ಇದ್ದಾರೆ, ನೋಡಿ ನಿರ್ಣಯಿಸಬಹುದೆಂದು ಸೋಪಾತ್ರನು ತನ್ನ ಚಿನ್ನದ ನಾಣ್ಯವನ್ನೂ ಪಾರಸಿಕನ ಬೆಳ್ಳಿಯ ನಾಣ್ಯವನ್ನೂ ಮುಂದಿಡಿಸಿದನಂತೆ. ತೀರ್ಪು ಚಿನ್ನದ ಪರವಾಯಿತೆಂದು ಹೇಳಬೇಕಾಗಿಲ್ಲ. ಕಥೆ ನಡೆದದ್ದೋ ಕಟ್ಟಿದ್ದೋ, ಆ ನಾಣ್ಯದ ಪ್ರತಿಷ್ಠೆ ಮಾತ್ರ ಕಲ್ಪಿತವಲ್ಲ.

ಅದು ಸಾಲಿಡಸ್. ನಾಲ್ಕನೆಯ ಶತಮಾನದ ಆದಿಯಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ಒಂದು ರೋಮನ್ ಪೌಂಡು ಚಿನ್ನದಲ್ಲಿ 72 ನಾಣ್ಯಗಳಾಗುವಂತೆ ಗೊತ್ತುಪಡಿಸಿದ ಈ ಹೊನ್ನು, ಹನ್ನೊಂದನೆಯ ಶತಮಾನದವರೆಗೆ, ಅಂದರೆ ಸುಮಾರು ಏಳು ನೂರು ವರ್ಷ, ತೂಕದಲ್ಲಾಗಲಿ ಬಣ್ಣದಲ್ಲಾಗಲಿ ಹೇಳಿಕೊಳ್ಳುವಷ್ಟು ಕುಂದದೆ ಉಳಿಯಿತೆಂಬುದು ಲೋಕದ ಹಣಕಾಸಿನ ಇತಿಹಾಸದಲ್ಲಿ ವಿರಳವಾದ ಸಂಗತಿ. ಆರನೆಯ ಶತಮಾನದ ಆದಿಯ ನಾಣ್ಯದ ಮುಮ್ಮುಖದಲ್ಲಿ ಶಿರಸ್ತ್ರಾಣ ತೊಟ್ಟು ಭರ್ಜಿ ಹಿಡಿದ ಚಕ್ರವರ್ತಿ, ಹಿಮ್ಮುಖದಲ್ಲಿ ಶಿಲುಬೆ ಹಿಡಿದು ನಿಂತ ರೆಕ್ಕೆಯುಳ್ಳ ಜಯದೇವತೆ. ಸುತ್ತಲಿನ ಬರಹದ ಕೊನೆಯಲ್ಲಿ ಬರುವ ಒಂದು ಗ್ರೀಕ್ ಅಕ್ಷರವು ಕಾನ್‌ಸ್ಟಾಂಟಿನೋಪಲ್‌ನ ಕಮ್ಮಟದ ಹತ್ತು ವಿಭಾಗಗಳಲ್ಲಿ ಯಾವುದು ಇದನ್ನು ಟಂಕಿಸಿತೆಂಬುದನ್ನು ಸೂಚಿಸುತ್ತದೆ. ಸಂಗ್ರಾಹಕನಾದವನು ಮೊದಲು ಕಲಿಯಬೇಕಾದದ್ದು ಈ ಅಕ್ಷರಗಳನ್ನು ಓದುವುದನ್ನು. ಅನಂತರ ತಕ್ಕಡಿಯನ್ನು ನಂಬುವುದನ್ನು. ಅಂಚು ಕತ್ತರಿಸಿದ ನಾಣ್ಯವು ತೂಕದಲ್ಲಿ ಸಿಕ್ಕಿಬೀಳುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಖೋಟಾ ನಾಣ್ಯವು ತನ್ನ ಮಂಕಾದ ಗೆರೆಗಳಿಂದಲೂ ಮೈಮೇಲಿನ ಸಣ್ಣ ಕುಳಿಗಳಿಂದಲೂ ಭೂತಗನ್ನಡಿಯಡಿಯಲ್ಲಿ ಬಯಲಾಗುತ್ತದೆ. ಹೆಚ್ಚಿನ ಸಂದೇಹಗಳಿಗೆ ವಾಷಿಂಗ್ಟನ್ನಿನ ಡಂಬಾರ್ಟನ್ ಓಕ್ಸ್ ಸಂಗ್ರಹದ ಸೂಚೀಗ್ರಂಥಗಳು ಪ್ರಮಾಣ.

ನಮ್ಮ ಸಂಗ್ರಾಹಕನಿಗೆ ಅಷ್ಟು ಸಾಲದು; ಹೊನ್ನು ಈ ನಾಡಿಗೆ ಬಂದ ಮೇಲೆ ಏನಾಯಿತೆಂಬುದನ್ನೂ ಅವನು ಅರಿತಿರಬೇಕು. ಹಾವೇರಿ ಜಿಲ್ಲೆಯ ಹಾನಗಲ್ಲು ತಾಲೂಕಿನ ಅಕ್ಕಿಆಲೂರಿನಲ್ಲಿ, ಕದಂಬರ ಬನವಾಸಿಗೆ ಬಹು ದೂರವಲ್ಲದ ಆ ಊರಿನಲ್ಲಿ, ನಲವತ್ತಕ್ಕೆ ಮೇಲ್ಪಟ್ಟು ಇಂಥ ಹೊನ್ನುಗಳ ನಿಧಿಯೊಂದು ದೊರೆಯಿತು. ಮುಖ್ಯವಾಗಿ ಐದನೆಯ ಶತಮಾನದ ಎರಡನೆಯ ಥಿಯೋಡೋಸಿಯಸನಿಂದ ಮೊದಲ್ಗೊಂಡು, 518ರಿಂದ 527ರವರೆಗೆ ಆಳಿದ ಮೊದಲನೆಯ ಜಸ್ಟಿನನವರೆಗಿನ ನಾಣ್ಯಗಳು ಅದರಲ್ಲಿದ್ದವು. ಅವುಗಳ ನಡುವೆ, ಇವರೆಲ್ಲರಿಗಿಂತ ಎರಡು ಮೂರು ನೂರು ವರ್ಷ ಹಿಂದಿನ ಸೆಪ್ಟಿಮಿಯಸ್ ಸೆವೆರಸನದೂ ಸೇರಿಕೊಂಡಿತ್ತು. ಹೂಳಿದವನ ಮನೆಯಲ್ಲಿ ಹಳೆಯದು ಹೊಸದೆಂಬ ಭೇದವಿರಲಿಲ್ಲವೆಂದೇ ಇದರಿಂದ ತೋರುತ್ತದೆ: ಅವನಿಗೆ ಅದೆಲ್ಲವೂ ಒಂದೇ ಜಾತಿಯ ಹೊನ್ನು.

ದಕ್ಷಿಣ ಭಾರತದಲ್ಲಿ ದೊರೆತ ಬೈಜಾಂಟೈನ್ ಹೊನ್ನುಗಳಲ್ಲಿ ಅನೇಕವು, ಚಕ್ರವರ್ತಿಯ ತಲೆಯ ಮೇಲ್ಗಡೆ ಒತ್ತೊತ್ತಾಗಿ ಎರಡು ತೂತುಗಳನ್ನು ಪಡೆದಿವೆ. ದಾರ ಪೋಣಿಸಿದರೆ ಮುಖವು ನೆಟ್ಟಗೆ ನಿಲ್ಲುವಂತೆ ಅಳೆದು ಕೊರೆದ ತೂತುಗಳಿವು. ಕೊರೆದವನು ಯಾವುದು ಮುಮ್ಮುಖ, ಯಾವುದು ತಲೆಯ ಕಡೆ ಎಂಬುದನ್ನು ಬಲ್ಲವನು. ನಾಣ್ಯಗಳು ಸಾಲದೆ ಹೋದಾಗ ಅವುಗಳ ಅನುಕರಣಗಳನ್ನೂ ಮಾಡಿದರು. ಲ್ಯಾಟಿನ್ ಅರಿಯದ ಕೈಗಳಲ್ಲಿ ಅಕ್ಷರಗಳು ಬರಿಯ ಗೀಟುಗಳಾದವು. ಐರೋಪ್ಯ ಹರಾಜುಗಳಲ್ಲಿ ತೂತು ಬಿದ್ದ ಹೊನ್ನಿಗೆ ಬೆಲೆ ಇಳಿಯುತ್ತದೆ. ಆ ಕಾರಣದಿಂದಲೇ ಚಿನ್ನ ತುಂಬಿ ತೂತನ್ನು ಮುಚ್ಚಿ ಮಾರುವವರೂ ಇದ್ದಾರೆ. ನನ್ನ ಮಟ್ಟಿಗೆ ಇದು ಶಾಸನವೊಂದರ ಸಾಲುಗಳನ್ನು ಉಜ್ಜಿ ಅಳಿಸಿದಂತೆಯೇ ಸರಿ. ತೂತಿಲ್ಲದ ನಾಣ್ಯವು ಕಾನ್‌ಸ್ಟಾಂಟಿನೋಪಲ್‌ನ ಕಥೆಯನ್ನಷ್ಟೇ ಹೇಳುತ್ತದೆ. ತೂತಿರುವುದು ಸಮುದ್ರ ದಾಟಿ ಬಂದ ಬಳಿಕ ಏನಾಯಿತೆಂಬುದನ್ನೂ ಹೇಳುತ್ತದೆ. ಎಲ್ಲಿ ಸಿಕ್ಕಿತು, ಯಾವುದರ ಜೊತೆಯಲ್ಲಿ ಸಿಕ್ಕಿತು ಎಂಬುದು ತಿಳಿಯದ ನಿಷ್ಕಳಂಕ ಸಾಲಿಡಸ್ಸಿಗಿಂತ, ಊರು ತಿಳಿದಿರುವ ತೂತಿನ ಹೊನ್ನನ್ನೇ ನಾನು ಹೆಚ್ಚೆಂದು ಎಣಿಸುತ್ತೇನೆ.

ಕಾನೂನು ಸಹ ಸಂಗ್ರಾಹಕನಿಗೆ ಮಿತಿಗಳನ್ನು ಹಾಕಿದೆ. ನೆಲದೊಳಗೆ ದೊರೆತ ನಿಧಿಯ ಬೆಲೆ ಹತ್ತು ರೂಪಾಯಿಯನ್ನು ಮೀರಿದರೆ ಕಲೆಕ್ಟರರಿಗೆ ತಿಳಿಸತಕ್ಕದ್ದೆಂದು 1878ರ ನಿಧಿ ಕಾಯಿದೆ ವಿಧಿಸುತ್ತದೆ. ನೂರು ವರ್ಷಕ್ಕೆ ಕಡಮೆಯಿಲ್ಲದ ನಾಣ್ಯವು 1972ರ ಕಾಯಿದೆಯ ಪ್ರಕಾರ ಪ್ರಾಚೀನ ವಸ್ತುವಾದುದರಿಂದ ಖಾಸಗಿಯವರು ಅದನ್ನು ದೇಶದ ಹೊರಕ್ಕೆ ಸಾಗಿಸುವಂತಿಲ್ಲ. ಕೊಳ್ಳುವ ಶಕ್ತಿಯಿಲ್ಲದವರು, ಇದ್ದರೂ ಅವಸರವಿಲ್ಲದವರು, ಮುಂಬಯಿಯ ಕೋಟೆ ಪ್ರದೇಶದಲ್ಲಿ 2004ರಲ್ಲಿ ತೆರೆದ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯದಲ್ಲಿ ಕಣ್ಣನ್ನು ಪಳಗಿಸಿಕೊಳ್ಳಬಹುದು. ನಾಸಿಕದ ಬಳಿಯ ಅಂಜನೇರಿಯಲ್ಲಿ ನಾಣ್ಯಶಾಸ್ತ್ರಕ್ಕೆಂದೇ ಒಂದು ಸಂಶೋಧನ ಸಂಸ್ಥೆ ಇದೆ. ಕನ್ನಡನಾಡಿನ ನಾಣ್ಯಗಳ ಪರಿಚಯಕ್ಕೆ ಎ. ವಿ. ನರಸಿಂಹಮೂರ್ತಿಯವರ ಗ್ರಂಥವನ್ನು ಬಿಟ್ಟು ಮುಂದಕ್ಕೆ ಹೋಗುವಂತಿಲ್ಲ.

ಪರದೇಶದ ಹೊನ್ನನ್ನು ಕೊರಳಿಗೇರಿಸುವ ರೂಢಿ ಬೈಜಾಂಟೈನ್ ನಾಣ್ಯಗಳಿಗೇ ನಿಲ್ಲಲಿಲ್ಲ. ಬಹು ಶತಮಾನಗಳ ತರುವಾಯ ಬಂದ ವೆನಿಸ್ಸಿನ ಡುಕಾಟು ಈ ಕಡೆಯ ಜನರ ಬಾಯಲ್ಲಿ ಪುತಳಿಯಾಯಿತು; ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್ಸಿನ ಅಧಿಪತಿಯ ಆ ಚಿತ್ರವನ್ನು ಇಲ್ಲಿಯ ಅಕ್ಕಸಾಲಿಗರು ತಮ್ಮ ಅಚ್ಚುಗಳಲ್ಲಿ ಮತ್ತೆ ಮತ್ತೆ ಒತ್ತಿದರು. ಮನೆಯಲ್ಲಿ ಅಜ್ಜಿಯ ಕಾಲದ ಪುತಳಿ ಸರವಿದ್ದವರು, ಅದನ್ನು ಕರಗಿಸಲು ಕೊಡುವ ಮುನ್ನ ಪ್ರತಿಯೊಂದು ಬಿಲ್ಲೆಯ ಎರಡು ಮುಖಗಳನ್ನೂ ಬಲ್ಲವರಿಗೆ ತೋರಿಸಲಿ. ಹೆಚ್ಚಿನವು ಅನುಕರಣಗಳೇ ಆಗಿರುತ್ತವೆ, ಅನುಕರಣಗಳಾದರೂ ಚಿಂತೆಯಿಲ್ಲ.