ಓಡುವುದನ್ನೂ ಕಲಿಸಬೇಕಾಗುತ್ತದೆ

ಶ್ರಾವಣದ ಆಸುಪಾಸಿನಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ಹೋಬಳಿಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ. ಇಂಥ ಕೂಟಗಳಲ್ಲಿ ಅಂತಿಮ ಗೆರೆಯ ಬಳಿ ಸ್ಟಾಪ್‌ವಾಚ್ ಹಿಡಿದು ನಿಲ್ಲುವ ಕೆಲಸ ನನಗೆ ಹಲವು ವರ್ಷಗಳಿಂದ ಒದಗಿಬಂದಿದೆ. ಪ್ರತಿ ಬಾರಿ ಕಿವಿಗೆ ಬೀಳುವ ಬೋಧನೆ ಎರಡೇ: ‘ಜೋರಾಗಿ ಓಡು’, ‘ಉದ್ದ ಹೆಜ್ಜೆ ಹಾಕು’. ಮೊದಲನೆಯದು ನಿರುಪಯುಕ್ತ, ಎರಡನೆಯದು ಅಪಾಯಕಾರಿ.

ಹೆಜ್ಜೆಯನ್ನು ಬಲವಂತವಾಗಿ ಚಾಚಿದರೆ ಪಾದವು ದೇಹಕ್ಕಿಂತ ಬಹಳ ಮುಂದೆ ಊರುತ್ತದೆ. ಪ್ರತಿ ಹೆಜ್ಜೆಯೂ ಬ್ರೇಕ್ ಒತ್ತಿದಂತಾಗುತ್ತದೆ. ತೊಡೆಯ ಹಿಂಭಾಗದ ಸ್ನಾಯುಗಳ ಮೇಲೆ ಎಳೆತವೂ ಹೆಚ್ಚುತ್ತದೆ. ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಎಪ್ಪತ್ತು ಮೀಟರಿನವರೆಗೂ ಎಲ್ಲರಿಗಿಂತ ಮುಂದಿದ್ದವಳು ತೊಡೆ ಹಿಡಿದುಕೊಂಡು ಕುಸಿದಳು. ಮರುವರ್ಷ ಅವಳು ಹೆಸರು ಕೊಡಲಿಲ್ಲ. ಮನೆಯಲ್ಲಿ ಬೇಡವೆಂದರಂತೆ.

ವೇಗ ಹುಟ್ಟಿನಿಂದಲೇ ಬರಬೇಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದಾಗ, ಅದನ್ನು 100 ಮೀಟರಿಗೆ ಇಳಿಸಿ, 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಓಡಿದ 9.58 ಸೆಕೆಂಡನ್ನೇ ಮೀರಿಸಿದರೆಂದು ದೇಶ ಸಂಭ್ರಮಿಸಿತು. ಕೋಣಗಳ ಪಾಲು ಯಾರಿಗೂ ನೆನಪಾಗಲಿಲ್ಲ. ವಿವೇಕ ತೋರಿದವರು ಗೌಡರೇ. ಕಂಬಳದಲ್ಲಿ ಹಿಮ್ಮಡಿ ಮುಖ್ಯ, ಟ್ರ್ಯಾಕಿನಲ್ಲಿ ಕಾಲ್ಬೆರಳು ಎಂದು ವಿವರಿಸಿ ಅವರು ಆಯ್ಕೆ ಪರೀಕ್ಷೆಯಿಂದ ಹಿಂದೆ ಸರಿದರು. ಓಟದ ವಿದ್ಯೆಯ ಕುರಿತು ಆ ವಾರ ನಾನು ಕೇಳಿದ ಅತ್ಯಂತ ತಿಳಿವಳಿಕೆಯ ಮಾತು ಅದು.

ಆ ವಿದ್ಯೆಗೆ ಸ್ಪೈಕ್ಸ್ ಬೇಕಿಲ್ಲ, ಸ್ಟಾರ್ಟಿಂಗ್ ಬ್ಲಾಕ್ ಕೂಡ ಆಮೇಲೆ ಬಂದೀತು. ನಮ್ಮ ಮಕ್ಕಳು ಟಿ.ವಿ.ಯಲ್ಲಿ ಕಂಡಂತೆ ಬಾಗಿ ಕೂರುತ್ತಾರೆ, ಸೀಟಿ ಊದಿದೊಡನೆ ನೆಟ್ಟಗೆ ಎದ್ದು ನಿಲ್ಲುತ್ತಾರೆ; ಬಾಗಿದ ಲಾಭವೆಲ್ಲ ಅಲ್ಲಿಗೇ ಹೋಯಿತು. ಬದಲಿಗೆ, ನಿಂತಲ್ಲಿಂದ ಇಡೀ ದೇಹವನ್ನು ಮುಂದಕ್ಕೆ ವಾಲಿಸಿ, ಇನ್ನೇನು ಬೀಳುವೆನೆಂಬಾಗ ಓಡಲು ಹೇಳಿ ನೋಡಿ. ಮೊದಲ ಹೆಜ್ಜೆಗಳು ನೆಲವನ್ನು ಹಿಂದಕ್ಕೆ ಒತ್ತಬೇಕು, ದೇಹ ನಿಧಾನವಾಗಿ ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಸೊಂಟದ ನೇರಕ್ಕೆ ಸಮೀಪದಲ್ಲೇ ಊರಬೇಕು. ಮೊಣಕೈ ಮಡಿಸಿ ಭುಜದಿಂದ ಬೀಸುವ ಕೈಗಳು ಎದೆಯನ್ನು ದಾಟಿ ಅಡ್ಡ ಬರಬಾರದು. ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಓಡುವುದು ಛಲದಂತೆ ಕಂಡರೂ ಅದು ವೇಗವನ್ನೇ ತಿನ್ನುತ್ತದೆ. ಇನ್ನು ಅಂತಿಮ ಗೆರೆ: ಎಣಿಕೆಗೆ ಬರುವುದು ಓಟಗಾರರ ಮುಂಡಭಾಗ, ಚಾಚಿದ ಕೈಯಲ್ಲ. ಗೆರೆ ಕಂಡೊಡನೆ ನಿಧಾನಿಸಿ ಪದಕ ಕಳೆದುಕೊಂಡವರನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ.

ಅಭ್ಯಾಸವೂ ದೀರ್ಘವಾಗಬೇಕಿಲ್ಲ. ವಾರಕ್ಕೆರಡು ದಿನ, ಇಪ್ಪತ್ತು–ಮೂವತ್ತು ಮೀಟರಿನ ಆರೇಳು ಓಟಗಳು, ನಡುವೆ ಎರಡು–ಮೂರು ನಿಮಿಷಗಳ ವಿರಾಮ. ಮೈದಾನಕ್ಕೆ ಹತ್ತು ಸುತ್ತು ಹಾಕಿಸಿದರೆ ದಣಿದ ಕಾಲು ನಿಧಾನವಾಗಿ ಓಡುವುದನ್ನೇ ಕಲಿಯುತ್ತದೆ.

ದೈಹಿಕ ಶಿಕ್ಷಕರಿಲ್ಲದ ಶಾಲೆಗಳಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರುಗಳೇ ಮಕ್ಕಳನ್ನು ಕೂಟಕ್ಕೆ ಕರೆತರುತ್ತಾರೆ. ಅವರನ್ನು ದೂರುವಂತಿಲ್ಲ. ಜೂನ್ ತಿಂಗಳಲ್ಲಿ ತಾಲ್ಲೂಕು ಕೇಂದ್ರದಲ್ಲಿ ಅವರಿಗೆ ಒಂದು ದಿನದ ತರಬೇತಿ ಕೊಟ್ಟರೆ, ಆಗಸ್ಟ್ ವೇಳೆಗೆ ಇಷ್ಟನ್ನು ಕಲಿಸಲು ಅವರಿಗೆ ಬೇಕಾದಷ್ಟು ಸಮಯವಿರುತ್ತದೆ.